ನಡಾವಳಿ

'ತೀರ್ಮಾನಿಸಲಾಯಿತು' ಎಂದು ಬರೆಯಬೇಕು ನಾನೀಗ.
ಹದಿನಾಲ್ಕು ವರ್ಷದಿಂದ ಬರೆದ ಪದ.
ಯಾರು ತೀರ್ಮಾನಿಸಿದರು ಅಂದರೆ
ಬಾಗಿಲ ಹಿಂದೆ ಅವಿತುಕೊಳ್ಳುವ ಪದ.

ನಲ್ಲಗುಟ್ಟಪಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ.
ಚೇಳೂರಿಗೆ ಒಂಬತ್ತು ಕಿಲೋಮೀಟರು, ಗುಟ್ಟ ದಾಟಿದರೆ ಆಂಧ್ರ.
ಹಾಜರಿದ್ದ ಸದಸ್ಯರು ನೂರ ಹತ್ತೊಂಬತ್ತು.
ಒಕ್ಕೂಟ ಬಿಡೋಣ ಎಂದು ಎದ್ದ ಕೈ ಅರವತ್ತೊಂದು,
ಬೇಡ ಎಂದವು ಐವತ್ತೇಳು.
ಒಂದು ಕೈ ಅರ್ಧ ಎದ್ದು ತಲೆ ಕೆರೆದುಕೊಂಡಿತು.

'ಪೋದಾಂ, ಪೋದಾಂ' ಅಂತ ಕೂಗಿದ್ದು ತೆಲುಗಿನಲ್ಲಿ.
ಆ ಒಂದು ಮಾತಿನೊಳಗೆ ನಾವೆಲ್ಲ ಇದ್ದೆವು,
ಮದುವೆ ಟ್ರ್ಯಾಕ್ಟರಿನಲ್ಲಿ ಇರುವ ಹಾಗೆ, ಒತ್ತಿಕೊಂಡು.
ಕನ್ನಡದ ನಡಾವಳಿಗೆ ಇಳಿಸುವಾಗ
ಒಬ್ಬೊಬ್ಬರೇ ಜಾರಿ ಬಿದ್ದು
ಕ್ರಿಯಾಪದ ಮಾತ್ರ ಊರು ಸೇರಿತು.

ಆ ವಾರ ಟೀವಿಯಲ್ಲಿ, ಎಲ್ಲೋ ಕಡಲಾಚೆಯ ದೇಶ,
ಅದೂ ತನ್ನ ಒಕ್ಕೂಟ ಬಿಡುತ್ತಿತ್ತು.
ಬಿಡುವ ಕಾಗದ ಕಳಿಸಬೇಕಾದವರು ಯಾರು,
ಮಂತ್ರಿಯೋ ಸಭೆಯೋ ಎಂದು ಕೋರ್ಟು ಕೂತಿತ್ತು.
ನರೆಪ್ಪ ಬೀಡಿ ತೆಗೆದು ಕೇಳಿದ:
'ಅವರ್ದೂ ಹಾಲಿಂದೇನಾ?'

ಬೆಳಿಗ್ಗೆ ಅಧ್ಯಕ್ಷ ಬೈರಾರೆಡ್ಡಿ ಬಂದರು.
'ಜನ ಹೇಳಾಯ್ತಲ್ಲಮ್ಮ, ಸೀಲು ಒತ್ತು, ಕಳಿಸು.'
ಹಿಂದೆಯೇ ಗಂಗುಲಪ್ಪ, ರಿಟೈರಾದ ಕೋರ್ಟು ಅಮೀನ,
ಗೊಬ್ಬರದ ಕವರಿನಲ್ಲಿ ಸುತ್ತಿದ ಬೈಲಾ ಬಿಚ್ಚಿದರು:
'ಮೂರರಲ್ಲಿ ಎರಡು ಪಾಲು ಬೇಕು. ಆಮೇಲೆ ಬೋರ್ಡು.
ಆಮೇಲೆ ನೀನು.'
'ಜನಕ್ಕಿಂತ ದೊಡ್ಡದಾ ಬೈಲಾ?'
'ಬೈಲಾ ಬರೆಸಿದ್ದೂ ಜನಾನೇ ಕಣಪ್ಪ.
ಇಲ್ಲಿ ನೋಡು, ಮೂರನೇ ಹೆಬ್ಬೆಟ್ಟು. ನಿಮ್ಮಪ್ಪಂದು.'

ರೆಡ್ಡಿಯವರು ನೋಡಿದರು.
ನೇರಳೆ ಶಾಯಿ ಮಾಸಿ ಬೂದಿಯಾಗಿದ್ದರೂ
ಗೆರೆ ಗೆರೆ ಎದ್ದು ಕಾಣುವ ಬೆರಳು,
ಉಳುಮೆ ಮಾಡಿದ ಹೊಲದ ಹಾಗೆ.
ಸತ್ತವರ ಹೆಬ್ಬೆಟ್ಟು ಬದುಕಿದವರ ಕೈ ಹಿಡಿದೆಳೆಯಬಹುದೇ?
ಯಾರೂ ಕೇಳಲಿಲ್ಲ ಅದನ್ನು.
ನಾನು ಕಾಫಿಗೆ ಹಾಲು ಇಟ್ಟೆ.

ಈಗ ದಿನಾ ಫ್ಯಾಟು ನೋಡುವಾಗ
ಕ್ಯಾನಿನ ಜೊತೆ ಕಾರಣವನ್ನೂ ಸುರಿಯುತ್ತಾರೆ.
ಒಬ್ಬನಿಗೆ ಲೀಟರಿಗೆ ಎರಡು ರೂಪಾಯಿ.
ಇನ್ನೊಬ್ಬನಿಗೆ ಸೂಪರ್‌ವೈಸರು ಮಳೆಗಾಲದಲ್ಲಿ
'ನೀರು ಹಾಲಪ್ಪ' ಅಂದದ್ದು.
ಆದಿನಾರಾಯಣ ಕೈ ಎತ್ತಿದ್ದು ಅವನ ಭಾವ ಎತ್ತಲಿಲ್ಲವೆಂದು.
ಪಾಪಕ್ಕ, ಮೊದಲು ಕೈ ಎತ್ತಿದವಳು, ಮೆತ್ತಗೆ ಕೇಳುತ್ತಾಳೆ:
'ಹೋಗೋದಂದ್ರೆ ಹಸುವಿನ ಡಾಕ್ಟ್ರೂ ಹೋಗ್ತಾರಾ?
ಹೋಗೋದಂದ್ರೆ, ಮೇಡಂ, ಎಲ್ಲಿಗೆ?'
ಲ್ಯಾಕ್ಟೋಮೀಟರು ಇಪ್ಪತ್ತೆಂಟರಲ್ಲಿ ನಿಂತು ತೂಗುತ್ತದೆ.
ಅದಕ್ಕೆ ಎಷ್ಟು ನೀರು ಅಂತ ಗೊತ್ತು,
ಯಾಕೆ ಅಂತ ಗೊತ್ತಿಲ್ಲ.

ಹಾಲು ಕಾಯುತ್ತದೆ, ಒಲೆಯ ಮೇಲೆ.
ಕೋರ್ಟು, ಕಾಗದ, ಬೋರ್ಡು ಬರುವ ತನಕ
ಹಾಲು ಕಾಯುವುದಿಲ್ಲ.
ಕೂಲರಿನಲ್ಲಿ ಎಂಟುನೂರ ನಲವತ್ತು ಲೀಟರು.
ಗೇಟಿನಲ್ಲಿ ಒಕ್ಕೂಟದ ಟ್ಯಾಂಕರು,
ಹೊಂಗೆ ಮರದ ಕೆಳಗೆ ಲೈಟು ಆರಿಸಿ ನಿಂತ
ಅನಂತಪುರ ಕಡೆಯ ನೀಲಿ ವ್ಯಾನು.
ಇಬ್ಬರು ಡ್ರೈವರೂ ಒಂದೇ ಬೆಂಕಿಪೊಟ್ಟಣದಲ್ಲಿ
ಬೀಡಿ ಹಚ್ಚಿಕೊಂಡು ನನ್ನ ಕಡೆ ನೋಡುತ್ತಾರೆ.

ಟ್ಯಾಂಕರಿಗೆ ಪೈಪು ಹಾಕಿಸಿದೆ, ನಿನ್ನೆಯ ಹಾಗೇ.
ತೀರ್ಮಾನವಲ್ಲ ಅದು, ಅಭ್ಯಾಸ.

ಆಮೇಲೆ ಪುಸ್ತಕ ತೆರೆದು ಆ ಪದ ಹೊಡೆದು ಹಾಕಿದೆ.
ಬರೆದೆ: ಪಾಪಕ್ಕ ಕೈ ಎತ್ತಿದಳು.
ಆದಿನಾರಾಯಣ ಕೈ ಎತ್ತಿದನು, ಭಾವನನ್ನು ನೋಡಿ.
ನರೆಪ್ಪ ತಲೆ ಕೆರೆದುಕೊಂಡನು.
ಹೀಗೇ ಇಪ್ಪತ್ತಾರು ಹೆಸರು; ಪುಟ ಮುಗಿಯಿತು.
ಉಳಿದವರು ಮುಂದಿನ ಪುಟಕ್ಕೆ.

ಸೀಲು ಡ್ರಾಯರಿನಲ್ಲಿದೆ.
ನಾನು ಸಂಬಳದವಳು, ನನಗೆ ಓಟಿಲ್ಲ.
ಬೀಗದ ಕೈ, ಸದ್ಯಕ್ಕೆ, ನನ್ನ ಸೆರಗಿನ ಗಂಟಿನಲ್ಲಿ.